ಓದುಗರ ಪ್ರಶ್ನೆ: ಟಾಂಕಿಯ ಸುಳಿ ಯಾವ ಕಡೆಗೆ ತಿರುಗಬೇಕು?

ಈ ಸಲದ ಕಾಗದಗಳ ಕಟ್ಟಿನಲ್ಲಿ ನೀರಿನ ಸುಳಿಯನ್ನು ಕುರಿತವೇ ಹೆಚ್ಚಾಗಿವೆ. ತೋಡು, ಹೊಳೆಗಳು ತುಂಬಿ ಹರಿಯುವ ಕಾಲವಾದುದರಿಂದ ಹೀಗಾಗಿರಬಹುದು. ಒಂದರ ಉತ್ತರ ಇನ್ನೊಂದಕ್ಕೆ ಬೇಕಾಗುವ ಪ್ರಶ್ನೆಗಳಿವು. ಹಾಗಾಗಿ ಉಳಿದ ವಿಷಯಗಳನ್ನು ಮುಂದಿನ ಸಂಚಿಕೆಗೆ ಎತ್ತಿಟ್ಟಿದ್ದೇನೆ.

ಪ್ರಶ್ನೆ: ಸುರಂಗದ ನೀರನ್ನು ಅಡಿಕೆ ದಂಬೆಯಲ್ಲಿ ತಂದು ಮೂರು ಮೀಟರ್ ಅಡ್ಡಳತೆಯ ಉರುಟು ಸಿಮೆಂಟ್ ಟಾಂಕಿಗೆ ಬೀಳಿಸುತ್ತೇವೆ. ತೊಳೆಯುವುದಕ್ಕೆಂದು ತಳದ ಬಿರಡೆ ಕಿತ್ತಾಗಲೆಲ್ಲ ಸುಳಿ ಏಳುತ್ತದೆ. ಭೂಮಿಯ ಉತ್ತರಾರ್ಧದಲ್ಲಿ ಸುಳಿ ಅಪ್ರದಕ್ಷಿಣವಾಗಿಯೇ ತಿರುಗುವುದೆಂದು ಶಾಲೆಯಲ್ಲಿ ಕಲಿತಿದ್ದೆ. ನಮ್ಮ ಟಾಂಕಿಯಲ್ಲಿ ಅದು ಹೆಚ್ಚಾಗಿ ಪ್ರದಕ್ಷಿಣವಾಗಿ ತಿರುಗುತ್ತದೆ, ಕೆಲವೊಮ್ಮೆ ಮಾತ್ರ ಅಪ್ರದಕ್ಷಿಣವಾಗಿ. ತಪ್ಪಿರುವುದು ಟಾಂಕಿಯಲ್ಲೋ, ಪಾಠದಲ್ಲೋ?
(ಪೆರ್ಲದ ಕೃಷಿಕರೊಬ್ಬರು)

ಉತ್ತರ: ಟಾಂಕಿಯಲ್ಲಿ ತಪ್ಪಿಲ್ಲ. ಪಾಠವೂ ಪೂರ್ತಿ ಸುಳ್ಳಲ್ಲ, ಆದರೆ ಅದನ್ನು ಹೇಳಬಾರದ ಜಾಗದಲ್ಲಿ ಹೇಳಿದ್ದಾರೆ. ಅಧ್ಯಾಪಕನಾಗಿದ್ದ ಕಾಲದಲ್ಲಿ ನಾನೂ ಅದನ್ನು ಹಾಗೆಯೇ ಹೇಳಿಕೊಟ್ಟವನು.

ತೂತು ಸುಳಿಯನ್ನು ಹುಟ್ಟಿಸುವುದಿಲ್ಲ. ನೀರಿನಲ್ಲಿ ಮೊದಲೇ ಇದ್ದ ತಿರುಗನ್ನು ನಡುವಿಗೆ ಎಳೆದು ಬಿಗಿಗೊಳಿಸುತ್ತದೆ, ಅಷ್ಟೆ. ನಿಮ್ಮ ಟಾಂಕಿಯ ಅಂಚಿನಲ್ಲಿ ನೀರು ಸೆಕೆಂಡಿಗೆ ಒಂದು ಮಿಲಿಮೀಟರ್ ವೇಗದಲ್ಲಿ ಮೆಲ್ಲಗೆ ಸುತ್ತುತ್ತಿದೆ ಎಂದಿಟ್ಟುಕೊಳ್ಳಿ. ಕಣ್ಣಿಗೆ ಅದು ನಿಂತ ನೀರೇ. ಬಿರಡೆ ಕಿತ್ತ ಮೇಲೆ ಅಂಚಿನ ನೀರಿನ ಆ ಬಳೆ, 150 ಸೆಂಟಿಮೀಟರ್ ತ್ರಿಜ್ಯದ್ದು, ಕುಗ್ಗುತ್ತಾ ಕುಗ್ಗುತ್ತಾ ತೂತಿನ ಬಳಿ ಒಂದೂವರೆ ಸೆಂಟಿಮೀಟರಿಗೆ ಬರುತ್ತದೆ. ಬಳೆಯ ಸುತ್ತಳತೆಯನ್ನು ಅದರ ಸುತ್ತುವ ವೇಗದಿಂದ ಗುಣಿಸಿದರೆ ಬರುವ ಮೊತ್ತಕ್ಕೆ ಪರಿಚಲನೆ ಎಂದು ಹೆಸರು. ಘರ್ಷಣೆ ಇಲ್ಲದಿದ್ದರೆ ಈ ಮೊತ್ತ ಬದಲಾಗುವುದಿಲ್ಲ. ಆದುದರಿಂದ ಸುತ್ತಳತೆ ನೂರರಲ್ಲಿ ಒಂದು ಪಾಲಾದಾಗ ವೇಗ ನೂರು ಮಡಿಯಾಗಿ ಸೆಕೆಂಡಿಗೆ ಹತ್ತು ಸೆಂಟಿಮೀಟರ್ ಆಗುತ್ತದೆ. ಆಗ ಅದು ಒಂದು ಸೆಕೆಂಡಿನೊಳಗೆ ಒಂದು ಸುತ್ತು ಮುಗಿಸುತ್ತದೆ. ನಿಮಗೆ ಕಾಣಿಸುವ ಸುಳಿ ಇದು.

ಇನ್ನು ಭೂಮಿಯ ಪಾಲೆಷ್ಟು ನೋಡೋಣ. ಧ್ರುವದಲ್ಲಿ ನೆಲವು ದಿನಕ್ಕೊಂದು ಸುತ್ತು ತಿರುಗುತ್ತದೆ, ಸಮಭಾಜಕ ವೃತ್ತದಲ್ಲಿ ನಿಂತವನ ಕಾಲಡಿಯ ನೆಲ ಹಾಗೆ ತಿರುಗುವುದೇ ಇಲ್ಲ. ನಮ್ಮ ಕಾಸರಗೋಡು ಇರುವುದು ಸುಮಾರು 12.5 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಇಲ್ಲಿ ಅಂಥ ಒಂದು ಸುತ್ತಿಗೆ ಸುಮಾರು 110 ಗಂಟೆ ಬೇಕು. ನಿಮ್ಮ ಟಾಂಕಿಯ ಅಂಚಿನಲ್ಲಿ ಇದರ ಲೆಕ್ಕ ಹಾಕಿದರೆ ನಿಮಿಷಕ್ಕೆ ಒಂದೂವರೆ ಮಿಲಿಮೀಟರಿಗೂ ಕಡಿಮೆ ಚಲನೆ. ದಂಬೆಯಿಂದ ಓರೆಯಾಗಿ ಬಿದ್ದ ನೀರು ಬಿಟ್ಟುಹೋದ ತಿರುಗು ಇದರ ನಲವತ್ತು ಪಾಲಿನಷ್ಟು ಇದ್ದರೂ ಆಶ್ಚರ್ಯವಿಲ್ಲ. ಟಾಂಕಿಯ ಸುಳಿ ಹೆಚ್ಚಾಗಿ ಪ್ರದಕ್ಷಿಣವಾಗಿ ತಿರುಗುತ್ತದೆ ಎಂದಿರಿ; ಹಾಗಾದರೆ ದಂಬೆಯ ನೀರು ಗೋಡೆಯ ಗುಂಟ ಅದೇ ಕಡೆಗೆ ಜಾರುವಂತೆ ಬೀಳುತ್ತಿರಬೇಕು. ದಂಬೆಯ ತುದಿಯನ್ನು ಎದುರು ಓರೆಗೆ ತಿರುಗಿಸಿ ನೋಡಿ. ಸುಳಿಯೂ ತಿರುವುಮುರುವಾದೀತು. ಒಮ್ಮೊಮ್ಮೆ ಅದು ದಿಕ್ಕು ತಪ್ಪುವುದಕ್ಕೆ ಬಿರಡೆ ಕೀಳುವ ಕೈಯ ಎಳೆತವೋ, ಮೊದಲು ಕೊಡಪಾನ ಅದ್ದಿದ್ದೋ ಸಾಕು.

ಹಾಗಾದರೆ ಸಣ್ಣ ತೊಟ್ಟಿಯಲ್ಲಿ ಭೂಮಿಯ ಪಾಲನ್ನು ಕಾಣಲು ಸಾಧ್ಯವೇ ಇಲ್ಲವೇ? ಸಾಧ್ಯ, ತಾಳ್ಮೆ ಬೇಕು. ಅಮೆರಿಕದ ಎಂಐಟಿಯಲ್ಲಿ ಆಶರ್ ಶಾಪಿರೋ ಎಂಬ ಪ್ರಾಧ್ಯಾಪಕರು ಆರಡಿ ಅಗಲದ ಉರುಟು ತೊಟ್ಟಿಯಲ್ಲಿ ಆರು ಇಂಚು ನೀರು ತುಂಬಿ, ನಡುವಿನ ಪುಟ್ಟ ತೂತಿನಿಂದ ಬರಿದು ಮಾಡಿ ನೋಡಿದರು. 1962ರಲ್ಲಿ ಫಲಿತಾಂಶ ಪ್ರಕಟವಾಯಿತು. ಬೇಕೆಂದೇ ಪ್ರದಕ್ಷಿಣವಾಗಿ ತುಂಬಿಸಿದ ನೀರನ್ನು ಒಂದೆರಡು ಗಂಟೆಯಲ್ಲೇ ಬಿಟ್ಟರೆ ಸುಳಿಯೂ ಪ್ರದಕ್ಷಿಣ. ಅದೇ ನೀರನ್ನು ಮುಚ್ಚಿ, 24 ಗಂಟೆ ಅಲುಗಾಡದಂತೆ ಇಟ್ಟು ಬಿಟ್ಟಾಗ ಮಾತ್ರ ಅಪ್ರದಕ್ಷಿಣ. ಅದೂ ಎದ್ದುಕಂಡದ್ದು ತೊಟ್ಟಿ ಬರಿದಾಗುವ ಕೊನೆಯ ಹೊತ್ತಿನಲ್ಲಿ. 1965ರಲ್ಲಿ ಭೂಮಿಯ ದಕ್ಷಿಣಾರ್ಧದ ಸಿಡ್ನಿಯಲ್ಲಿ ಇದೇ ಪ್ರಯೋಗವನ್ನು ಮಾಡಿದವರಿಗೆ ಪ್ರದಕ್ಷಿಣ ಸುಳಿ ಕಾಣಿಸಿತು. ಆದರೆ ಇವೆರಡೂ ನಮ್ಮೂರಿಗಿಂತ ಸಮಭಾಜಕದಿಂದ ಬಹಳ ದೂರದ ಊರುಗಳು. ಇಲ್ಲಿ ಭೂಮಿಯ ಕೈ ಇನ್ನೂ ಸಡಿಲ. ನೀರಿನ ಆಳ ಇಮ್ಮಡಿಯಾದರೆ ಅದು ನಿಶ್ಚಲವಾಗುವುದಕ್ಕೆ ಬೇಕಾದ ಕಾಲ ಸುಮಾರು ನಾಲ್ಮಡಿಯಾಗುತ್ತದೆ ಎಂಬುದನ್ನೂ ನೆನಪಿಡಿ. ಸುರಂಗದ ನೀರು ಬೀಳುತ್ತಲೇ ಇರುವ ಟಾಂಕಿಗೆ ಆ ಯೋಗವಿಲ್ಲ.

ಪಾಠ ನಿಜವಾಗುವುದು ಚಂಡಮಾರುತದಲ್ಲಿ. ನಮ್ಮ ಅಕ್ಷಾಂಶದಲ್ಲಿ 300 ಕಿಲೋಮೀಟರ್ ತ್ರಿಜ್ಯದ ಗಾಳಿಯ ಬಳೆಯೊಂದು ನೆಲಕ್ಕೆ ಹೋಲಿಸಿದರೆ ನಿಶ್ಚಲವಾಗಿದ್ದರೂ ಭೂಮಿಯೊಡನೆ ತಿರುಗುತ್ತಲೇ ಇರುತ್ತದೆ. ಅದು ಒಳಸರಿದು 50 ಕಿಲೋಮೀಟರಿಗೆ ಕುಗ್ಗಿದಾಗ, ಕಡಲಿನ ಘರ್ಷಣೆಯನ್ನು ಲೆಕ್ಕಕ್ಕೆ ಹಿಡಿಯದಿದ್ದರೆ, ಗಂಟೆಗೆ ಸುಮಾರು 100 ಕಿಲೋಮೀಟರ್ ವೇಗದ ಗಾಳಿಯಾಗುತ್ತದೆ. ಗುಣಾಕಾರ ಅದೇ, ಬಳೆ ಮಾತ್ರ ದೊಡ್ಡದು. 2021ರ ಮೇ ತಿಂಗಳಲ್ಲಿ ನಮ್ಮ ಕರಾವಳಿಯಾಚೆ ಹಾದು ಗುಜರಾತಿಗೆ ಹೋದ ತೌಕ್ತೆ ಅಪ್ರದಕ್ಷಿಣವಾಗಿಯೇ ತಿರುಗಿತ್ತು. ಬೇರೆ ಥರ ತಿರುಗುವುದು ಅದಕ್ಕೆ ಸಾಧ್ಯವಿರಲಿಲ್ಲ.

ಪ್ರಶ್ನೆ: ಬೇಸಿಗೆಯ ಕೊನೆಗೆ ಕೆರೆಯ ನೀರು ಇಳಿದಾಗ, ಪಂಪಿಗೆ ನೀರು ಎಳೆಯುವ ಪೈಪಿನ ಬುಡದ ಫುಟ್‌ವಾಲ್ವಿನ ಮೇಲೆ ಸುಳಿ ಕಟ್ಟಿಕೊಂಡು, ಗೊರಗೊರ ಸದ್ದಾಗಿ ಪಂಪು ನೀರು ಬಿಡುತ್ತದೆ. ಫುಟ್‌ವಾಲ್ವ್ ಇನ್ನೂ ಒಂದಡಿ ನೀರಿನ ಒಳಗೇ ಇರುತ್ತದೆ. ವಾಲ್ವ್ ಬದಲಾಯಿಸಿದ್ದಾಯಿತು, ಗುಣ ಕಾಣಲಿಲ್ಲ.
(ಮುಳ್ಳೇರಿಯದ ಓದುಗರು)

ಉತ್ತರ: ವಾಲ್ವ್ ಬದಲಾಯಿಸಿ ಪ್ರಯೋಜನವಿಲ್ಲ, ಅದರಲ್ಲಿ ದೋಷವಿಲ್ಲ. ಸುಳಿಯ ಮೇಲ್ಮೈಯ ಗುಂಡಿಯ ಆಳವು ಸುತ್ತುವ ವೇಗದ ವರ್ಗಕ್ಕೆ ಅನುಗುಣವಾಗಿ ಹೆಚ್ಚುತ್ತದೆ. ಹಿಂದಿನ ಉತ್ತರದ ಲೆಕ್ಕವನ್ನೇ ಹಿಡಿದರೆ, ನಡುವಿನಿಂದ ಒಂದೂವರೆ ಸೆಂಟಿಮೀಟರ್ ದೂರದಲ್ಲಿ ಗುಂಡಿ ಅರ್ಧ ಮಿಲಿಮೀಟರ್. ಒಂದೂವರೆ ಮಿಲಿಮೀಟರ್ ದೂರದಲ್ಲಿ ಐದು ಸೆಂಟಿಮೀಟರ್. ತಿರುಗು ಸ್ವಲ್ಪ ಹೆಚ್ಚಾದರೂ ಈ ಗುಂಡಿ ಸಪೂರದ ಕೊಳವೆಯಾಗಿ ಒಂದಡಿ ಇಳಿದು ವಾಲ್ವನ್ನು ಮುಟ್ಟುತ್ತದೆ. ಗಾಳಿ ನೀರಿಗಿಂತ ಸುಮಾರು 800 ಪಾಲು ಹಗುರ. ಪಂಪಿನ ಚಕ್ರ ಗಾಳಿಯನ್ನು ಎಷ್ಟು ವೇಗವಾಗಿ ತಿರುಗಿಸಿದರೂ ನೀರನ್ನು ಮೇಲೆಳೆಯುವಷ್ಟು ಒತ್ತಡದ ವ್ಯತ್ಯಾಸ ಹುಟ್ಟುವುದಿಲ್ಲ.

ಕೆರೆ ಬತ್ತಿ ಗುಂಡಿಯಾದಾಗ ಒರತೆಯ ನೀರು ಒಂದೇ ಮಗ್ಗುಲಿನಿಂದ ಬರುವುದು ಸುಳಿಗೆ ಬೇಕಾದ ತಿರುಗನ್ನು ಒದಗಿಸುತ್ತದೆ. ಅದನ್ನು ಮುರಿಯುವುದು ಸುಲಭ. ಫುಟ್‌ವಾಲ್ವಿನ ನೇರ ಮೇಲೆ ಎರಡಡಿ ಅಗಲದ ಹಲಗೆಯನ್ನೋ, ಒತ್ತಾಗಿ ಕಟ್ಟಿದ ಅಡಿಕೆ ಸಲಾಕೆಗಳ ತಟ್ಟಿಯನ್ನೋ ತೇಲಬಿಟ್ಟು ನಾಲ್ಕು ಕಡೆ ಹಗ್ಗ ಬಿಗಿಯಿರಿ. ತೇಲುವ ಹಲಗೆ ಗಾಳಿಯ ಕೊಳವೆಗೆ ಬಾಯಿಲ್ಲದಂತೆ ಮಾಡುತ್ತದೆ, ಜತೆಗೆ ಮೇಲ್ಮೈಯ ನೀರಿನ ತಿರುಗನ್ನು ಉಜ್ಜಿ ನಿಲ್ಲಿಸುತ್ತದೆ. ಇನ್ನೂ ಸಾಲದಿದ್ದರೆ ಹಲಗೆಯ ಅಡಿಗೆ ಇನ್ನೆರಡು ತುಂಡುಗಳನ್ನು ಕೂಡಿಸುವ ಗುರುತಿನ ಆಕಾರದಲ್ಲಿ ಲಂಬವಾಗಿ ಜಡಿಯಿರಿ. ದೊಡ್ಡ ಬಾಯಿಯ ಜಾಲರಿ ಹಾಕಿದರೆ ನೀರು ಒಳನುಗ್ಗುವ ವೇಗ ತಗ್ಗುತ್ತದೆ. ನೀರು ತೀರಾ ಇಳಿದ ದಿನ ಹೊರಬಿಡುವ ಪೈಪಿನ ಗೇಟ್‌ವಾಲ್ವನ್ನು ತುಸು ತಿರುಗಿಸಿ ಹರಿವನ್ನು ಕಡಿಮೆ ಮಾಡಿಕೊಳ್ಳಿ. ಎಳೆಯುವ ಪೈಪಿನ ಕಡೆಗೆ ಮಾತ್ರ ಯಾವ ತಡೆಯನ್ನೂ ಹಾಕಬೇಡಿ.

ಪ್ರಶ್ನೆ: ತೂತಿನ ಮೇಲಿನ ಸುಳಿಯನ್ನು ಪಠ್ಯಪುಸ್ತಕ "ಭ್ರಮಣರಹಿತ ಪ್ರವಾಹ" ಎನ್ನುತ್ತದೆ. ಗಿರಗಿರನೆ ಸುತ್ತುವುದನ್ನು ಭ್ರಮಣರಹಿತ ಎಂದರೆ ಮಕ್ಕಳು ನಗುತ್ತಾರೆ. ತರಗತಿಯಲ್ಲಿ ಇದನ್ನು ಹೇಗೆ ತಿಳಿಸಲಿ?
(ಕುಂಬಳೆಯ ಅಧ್ಯಾಪಿಕೆ)

ಉತ್ತರ: ನಗು ನ್ಯಾಯವಾದದ್ದೇ, ಅಧ್ಯಾಪಕರೇ. ಹೆಸರು ಇಟ್ಟವರು ನೀರಿನ ದಾರಿಯನ್ನು ನೋಡಲಿಲ್ಲ, ನೀರಿನ ಪ್ರತಿಯೊಂದು ಕಣ ತನ್ನಷ್ಟಕ್ಕೆ ತಿರುಗುತ್ತದೆಯೇ ಎಂಬುದನ್ನು ನೋಡಿದರು. ಜಾತ್ರೆಯ ದೊಡ್ಡ ತೊಟ್ಟಿಲನ್ನು ನೆನೆಯಿರಿ. ಚಕ್ರ ಸುತ್ತುತ್ತದೆ, ಪೆಟ್ಟಿಗೆಯೂ ಚಕ್ರದೊಡನೆ ಸುತ್ತುತ್ತದೆ, ಆದರೆ ಪೆಟ್ಟಿಗೆಯೊಳಗೆ ಕೂತವರ ತಲೆ ಸದಾ ಮೇಲೆಯೇ. ಇದಕ್ಕೆ ಎದುರಾಗಿ ಗ್ರೈಂಡರಿನ ಪಾತ್ರೆಯ ಅಂಚಿಗೆ ಅಂಟಿದ ಅಕ್ಕಿಕಾಳು ಸುತ್ತುತ್ತಾ ತಾನೂ ತಿರುಗುತ್ತದೆ. ಒಂದು ಸುತ್ತಿಗೆ ಒಂದು ತಿರುಗು.

ತರಗತಿಯಲ್ಲೇ ತೋರಿಸಬಹುದು. ಹಿಡಿಸೂಡಿಯ ಎರಡು ತುಂಡು ಕಡ್ಡಿಗಳನ್ನು ಅಡ್ಡಡ್ಡ ನೂಲಿನಿಂದ ಕಟ್ಟಿ, ಒಂದು ತುದಿಗೆ ಕೆಂಪು ಬಣ್ಣ ಹಚ್ಚಿ. ತಳದಲ್ಲಿ ತೂತಿರುವ ಅಗಲವಾದ ಬೇಸಿನ್ನಿನಲ್ಲಿ ನೀರನ್ನು ಮೆಲ್ಲಗೆ ತಿರುಗಿಸಿ, ತೂತು ಬಿಡಿಸಿ, ಸುಳಿ ನೆಲೆಗೊಂಡ ಮೇಲೆ ಕಡ್ಡಿಯನ್ನು ನಡುವಿನಿಂದ ದೂರ ತೇಲಬಿಡಿ. ಅದು ಸುಳಿಯ ಸುತ್ತ ಹೋಗುತ್ತದೆ, ಕೆಂಪು ತುದಿ ಮಾತ್ರ ಹೆಚ್ಚುಕಡಿಮೆ ಕರಿಹಲಗೆಯ ಕಡೆಗೇ ಮುಖ ಮಾಡಿರುತ್ತದೆ. ಕಾರಣ ಹೀಗೆ: ದಾರಿಯ ಗುಂಟ ಮಲಗಿದ ಕಡ್ಡಿಯನ್ನು ದಾರಿಯ ಬಾಗು ಒಂದು ಕಡೆಗೆ ತಿರುಗಿಸುತ್ತದೆ, ನಡುವಿಗೆ ಮುಖಮಾಡಿದ ಕಡ್ಡಿಯ ಒಳತುದಿ ಹೊರತುದಿಗಿಂತ ವೇಗವಾಗಿ ಓಡುವುದರಿಂದ ಅದು ಎದುರು ಕಡೆಗೆ ತಿರುಗಲು ನೋಡುತ್ತದೆ. ದೂರ ಇಮ್ಮಡಿಯಾದಾಗ ವೇಗ ಅರ್ಧವಾಗುವ ಸುಳಿಯಲ್ಲಿ ಇವೆರಡೂ ಸರಿಸಮವಾಗಿ ಒಂದನ್ನೊಂದು ಅಳಿಸುತ್ತವೆ. ಆದರೆ ಕಡ್ಡಿ ಸುಳಿಯ ನಟ್ಟನಡುವಿಗೆ ಸಿಕ್ಕಿದರೆ ಬುಗುರಿಯಂತೆ ತಿರುಗುತ್ತದೆ, ಏಕೆಂದರೆ ಅಲ್ಲಿ ನೀರಿನ ಸ್ನಿಗ್ಧತೆ, ಅಂದರೆ ಒಳಗಿನ ಘರ್ಷಣೆ, ವೇಗವನ್ನು ಮಿತಿಮೀರಲು ಬಿಡದೆ ಒಂದು ಸಣ್ಣ ತಿರುಳನ್ನು ಗಟ್ಟಿ ಕಂಬದಂತೆ ಒಟ್ಟಾಗಿ ತಿರುಗಿಸುತ್ತದೆ. ಭ್ರಮಣವೆಲ್ಲ ಆ ತಿರುಳಿನಲ್ಲಿ, ಸುತ್ತಲಿನ ನೀರು ಭ್ರಮಣರಹಿತ. ಮಕ್ಕಳಿಗೆ ಇದನ್ನು ಸೂತ್ರಕ್ಕಿಂತ ಮೊದಲು ತೋರಿಸಬೇಕೆಂಬುದು ನನ್ನ ಹಟ.

ಪರಿಚಲನೆಗೂ ಭ್ರಮಣಕ್ಕೂ ಇರುವ ನಂಟನ್ನು ಗದ್ದೆಯ ಹುಣಿಗಳಿಂದ ತಿಳಿಸಬಹುದು. ಒಂದು ಬೈಲಿನ ಪ್ರತಿಯೊಂದು ಗದ್ದೆಯ ಹುಣಿಯ ಮೇಲೂ ಒಬ್ಬೊಬ್ಬರು ಅಪ್ರದಕ್ಷಿಣವಾಗಿ ಸುತ್ತು ಬರಲಿ. ಎರಡು ಗದ್ದೆಗಳ ನಡುವಿನ ಹುಣಿಯಲ್ಲಿ ಒಬ್ಬ ಹೋದರೆ ಪಕ್ಕದವನು ಎದುರಾಗಿ ಬರುತ್ತಾನೆ, ಕೂಡಿಸಿದರೆ ಸೊನ್ನೆ. ಹೀಗೆ ಒಳಗಿನ ಹುಣಿಗಳ ಲೆಕ್ಕವೆಲ್ಲ ಅಳಿದು, ಇಡೀ ಬೈಲಿನ ಹೊರಹುಣಿಯ ಸುತ್ತು ಮಾತ್ರ ಉಳಿಯುತ್ತದೆ. ಒಂದೊಂದು ಗದ್ದೆಯ ಪುಟ್ಟ ಸುತ್ತನ್ನು ಅಲ್ಲಿನ ಭ್ರಮಣವೆಂದೂ, ಹೊರಹುಣಿಯ ಸುತ್ತನ್ನು ಪರಿಚಲನೆಯೆಂದೂ ತಿಳಿದರೆ, ಒಂದು ರೇಖೆಯ ಸುತ್ತಲಿನ ಪರಿಚಲನೆ ಅದರೊಳಗಿನ ಭ್ರಮಣದ ಒಟ್ಟು ಮೊತ್ತವೆಂಬುದು ಸ್ಪಷ್ಟವಾಗುತ್ತದೆ. ತಿರುಳನ್ನು ಒಳಗೊಂಡ ಯಾವ ಬಳೆಯನ್ನು ತೆಗೆದುಕೊಂಡರೂ ಮೊತ್ತ ಒಂದೇ. ತಿರುಳನ್ನು ಹೊರಗೆ ಬಿಟ್ಟ ಬಳೆಗೆ ಸೊನ್ನೆ.

ಈ ಮೊತ್ತ ನೀರಿನ ಅದೇ ಬಳೆಯೊಡನೆ ಸಾಗುತ್ತದೆ, ಬಳೆ ಹಿಗ್ಗಿದರೂ ಕುಗ್ಗಿದರೂ ಬದಲಾಗದು ಎಂದು ತೋರಿಸಿದವರು ವಿಲಿಯಂ ಥಾಮ್ಸನ್, ಮುಂದೆ ಲಾರ್ಡ್ ಕೆಲ್ವಿನ್ ಆದವರು, 1869ರಲ್ಲಿ. ಅದಕ್ಕೆ ಘರ್ಷಣೆ ಇರಬಾರದು, ಸಾಂದ್ರತೆ ಒಂದೇ ಸಮನಾಗಿರಬೇಕು ಅಥವಾ ಒತ್ತಡವನ್ನು ಮಾತ್ರ ಅವಲಂಬಿಸಿರಬೇಕು ಎಂಬ ಕಟ್ಟುಗಳಿವೆ. ಗುರುತ್ವದಂಥ ಬಲಗಳಿಂದ ತೊಂದರೆಯಿಲ್ಲ. ಅವರಿಗೆ ದಾರಿ ಹಾಕಿಕೊಟ್ಟದ್ದು ವೈದ್ಯರಾಗಿ ಓದಿ ಭೌತವಿಜ್ಞಾನಕ್ಕೆ ಬಂದ ಹೆಲ್ಮ್‌ಹೋಲ್ಟ್ಸ್ ಅವರ 1858ರ ಪ್ರಬಂಧ. ಕೆಲ್ವಿನ್ನರು ಆ ಉತ್ಸಾಹದಲ್ಲಿ ಪರಮಾಣುಗಳೂ ಒಂದು ಸೂಕ್ಷ್ಮ ದ್ರವದೊಳಗಿನ ಸುಳಿಬಳೆಗಳೇ ಇರಬೇಕೆಂದು 1867ರಲ್ಲಿ ವಾದಿಸಿದ್ದರು. ಪರಮಾಣುವಿನ ಮಟ್ಟಿಗೆ ಅದು ನಿಲ್ಲಲಿಲ್ಲ, ಸುಳಿಯ ಗಣಿತ ನಿಂತಿತು.

ಪ್ರಶ್ನೆ: ಚಂದ್ರಗಿರಿ ಹೊಳೆಯಲ್ಲಿ ದೋಣಿಯ ಹುಟ್ಟು ಎಳೆದು ಎತ್ತಿದಾಗಲೆಲ್ಲ ನೀರಿನ ಮೇಲೆ ಎರಡು ಪುಟ್ಟ ಗುಂಡಿಗಳು ಜತೆಯಾಗಿ ಓಡುತ್ತವೆ. ಒಂದೇ ಹುಟ್ಟಿಗೆ ಎರಡು ಸುಳಿ ಏಕೆ?
(ತಳಂಗರೆಯ ವಿದ್ಯಾರ್ಥಿ)

ಉತ್ತರ: ಚೆನ್ನಾಗಿ ನೋಡಿದ್ದೀ. ಅವು ಎರಡಲ್ಲ, ಒಂದೇ ಸುಳಿಯ ಎರಡು ತುದಿಗಳು. ಸುಳಿಯ ಎಳೆ ನೀರಿನ ನಡುವೆ ಎಲ್ಲೋ ಕಡಿದು ನಿಲ್ಲಲಾರದು. ಅದು ಮೇಲ್ಮೈಯನ್ನೋ ತಳವನ್ನೋ ಮುಟ್ಟಬೇಕು, ಇಲ್ಲವೇ ತನ್ನ ಬಾಲವನ್ನು ತಾನೇ ಸೇರಿ ಬಳೆಯಾಗಬೇಕು ಎಂಬುದು ಹೆಲ್ಮ್‌ಹೋಲ್ಟ್ಸರ ನಿಯಮಗಳಲ್ಲೊಂದು. ಹುಟ್ಟಿನ ಅಲಗು ನೀರನ್ನು ತಳ್ಳಿದಾಗ ಅದರ ಎಡ, ಬಲ ಮತ್ತು ಕೆಳ ಅಂಚುಗಳನ್ನು ಬಳಸಿ ನೀರು ಹಿಂದಕ್ಕೆ ಹೊರಳುತ್ತದೆ. ಅಲಗನ್ನು ಎತ್ತಿದ ಮೇಲೆ ಉಳಿಯುವುದು ತೊಟ್ಟಿಲ ಹಗ್ಗದಂತೆ ಕೆಳಕ್ಕೆ ಜೋಲುವ ಅರ್ಧಬಳೆಯ ಸುಳಿ, ಅದರ ಎರಡು ಬಾಯಿಗಳೇ ಮೇಲೆ ಕಾಣುವ ಗುಂಡಿಗಳು.

ಒಂದೇ ಎಳೆ ಒಂದು ಕಡೆ ಇಳಿದು ಇನ್ನೊಂದು ಕಡೆ ಏರುವುದರಿಂದ, ಮೇಲಿನಿಂದ ನೋಡುವವರಿಗೆ ಒಂದು ಗುಂಡಿ ಪ್ರದಕ್ಷಿಣ, ಇನ್ನೊಂದು ಅಪ್ರದಕ್ಷಿಣ. ಬಲ ಎರಡಕ್ಕೂ ಸಮ. ಪ್ರತಿಯೊಂದೂ ಮತ್ತೊಂದನ್ನು ತನ್ನ ಸುತ್ತಿನ ನೀರಿನೊಡನೆ ಮುಂದಕ್ಕೆ ಒಯ್ಯುತ್ತದೆ, ಆದುದರಿಂದಲೇ ಅವು ಜತೆಬಿಡದೆ ಸಾಗುವುದು. ಬೇಸಿಗೆಯಲ್ಲಿ ದಡದ ಹತ್ತಿರ, ಮರಳು ಕಾಣುವಷ್ಟು ತಿಳಿಯಾದ ನೀರಿನಲ್ಲಿ, ಮಟಮಟ ಮಧ್ಯಾಹ್ನ ಇದನ್ನು ಮಾಡಿ ತಳವನ್ನು ನೋಡು. ಮರಳಿನ ಮೇಲೆ ಎರಡು ಉರುಟು ಕಪ್ಪು ನೆರಳುಗಳು, ಅವುಗಳಿಗೆ ಹೊಳೆಯುವ ಅಂಚು. ಗುಂಡಿ ಬಿದ್ದ ನೀರು ತಗ್ಗು ಮಸೂರದಂತೆ ಬಿಸಿಲನ್ನು ಚದುರಿಸುವುದರಿಂದ ಹಾಗೆ ಕಾಣುತ್ತದೆ. ಒಂದು ನೆರಳಿನ ದಾರಿಗೆ ಕೋಲು ಅಡ್ಡ ಇಟ್ಟು ಅದನ್ನು ಕೆಡಿಸಿದರೆ ಇನ್ನೊಂದಕ್ಕೆ ಏನಾಗುತ್ತದೆಂದು ಬರೆದು ತಿಳಿಸು.

ಪ್ರಶ್ನೆ: ಕಿಂಡಿ ಅಣೆಕಟ್ಟಿನ ಹಲಗೆಗಳ ಮೇಲಿನಿಂದ ನೀರು ಧುಮುಕುವಲ್ಲಿ ಬಿದ್ದ ತೆಂಗಿನಕಾಯಿ ಕೆಳಕ್ಕೆ ತೇಲಿಹೋಗದೆ ಗಂಟೆಗಟ್ಟಲೆ ಅಲ್ಲೇ ಹೊರಳುವುದೇಕೆ?
(ಮಂಜೇಶ್ವರದ ಓದುಗರು)

ಉತ್ತರ: ಅದು ಮಲಗಿದ ಸುಳಿ. ಧುಮುಕಿದ ನೀರು ತಳಕ್ಕೆ ಹೋಗಿ ಮುಂದೆ ಎಲ್ಲೋ ಮೇಲೇಳುತ್ತದೆ. ಎದ್ದ ನೀರಿನ ಒಂದು ಪಾಲು ಮೇಲ್ಮೈಯಲ್ಲಿ ಅಣೆಕಟ್ಟಿನ ಕಡೆಗೆ ಹಿಂದಿರುಗುತ್ತದೆ. ಹೊಳೆಯ ಅಗಲಕ್ಕೂ ಉರುಳುವ ಒನಕೆಯಂತಿರುವ ಈ ಸುಳಿಯ ಮೇಲ್ಭಾಗ ಹೊಳೆಗೆ ಎದುರಾಗಿ ಹರಿಯುವುದರಿಂದ ತೇಲುವ ವಸ್ತು ಮತ್ತೆ ಮತ್ತೆ ಧಾರೆಯ ಕೆಳಗೇ ಸೇರುತ್ತದೆ. ತೆಂಗಿನಕಾಯಿಗೆ ಆಗುವುದು ಮನುಷ್ಯನಿಗೂ ಆಗುತ್ತದೆ. ಅಲ್ಲಿನ ನೀರು ಗಾಳಿಗುಳ್ಳೆಗಳಿಂದ ತುಂಬಿ ಹಗುರವಾಗಿರುವುದರಿಂದ ಈಜು ಬಲ್ಲವರೂ ತೇಲುವುದು ಕಷ್ಟ. ಮಳೆಗಾಲದಲ್ಲಿ ಕಾಯಿ ಹಿಡಿಯಲು ಅಲ್ಲಿಗೆ ಇಳಿಯುವ ಹುಡುಗರನ್ನು ದಯವಿಟ್ಟು ತಡೆಯಿರಿ. ಎದೆಮಟ್ಟದ ನೀರಾದರೂ ಅದು ಅಪಾಯದ ಜಾಗ.

ಪ್ರಶ್ನೆ: ಬೋರ್ಡೋ (ಮೈಲುತುತ್ತು, ಸುಣ್ಣ ಬೆರೆಸಿದ ಸಿಂಪಡಣೆಯ ಔಷಧಿ) ಕದಡುವಾಗ ಡ್ರಮ್ಮಿನ ನೀರನ್ನು ಕೋಲಿನಿಂದ ಜೋರಾಗಿ ಸುತ್ತಿಸುತ್ತೇವೆ. ಭಾರದ ಸುಣ್ಣದ ಹರಳು ಅಂಚಿಗೆ ಎಸೆಯಲ್ಪಡಬೇಕಿತ್ತು. ನಿಲ್ಲಿಸಿ ನೋಡಿದರೆ ತಳದ ನಡುವೆ ಗುಪ್ಪೆಯಾಗಿರುತ್ತದೆ!
(ಬದಿಯಡ್ಕದ ಓದುಗರು)

ಉತ್ತರ: ಚಹಾದ ಲೋಟದಲ್ಲಿ ಸೊಪ್ಪು ನಡುವೆ ಸೇರುವುದೂ ಹೀಗೆಯೇ, ಐನ್‌ಸ್ಟೈನ್ 1926ರಲ್ಲಿ ಹೊಳೆಗಳ ಅಂಕುಡೊಂಕಿನ ಬಗ್ಗೆ ಬರೆಯುವಾಗ ಈ ಲೋಟವನ್ನೇ ಉದಾಹರಣೆಯಾಗಿ ಹಿಡಿದರು. ಸುತ್ತುವ ನೀರಿನ ಒತ್ತಡ ಅಂಚಿನಲ್ಲಿ ಹೆಚ್ಚು, ನಡುವೆ ಕಡಿಮೆ. ಮೇಲಿನ ನೀರು ಸಾಕಷ್ಟು ವೇಗದಿಂದ ಸುತ್ತುತ್ತಾ ಆ ಒತ್ತಡವನ್ನು ತಡೆದುಕೊಳ್ಳುತ್ತದೆ. ತಳಕ್ಕೆ ಉಜ್ಜಿ ನಿಧಾನವಾದ ನೀರಿಗೆ ಆ ಶಕ್ತಿ ಇಲ್ಲ. ಒತ್ತಡ ಅದನ್ನು ಹರಳಿನ ಸಮೇತ ನಡುವಿಗೆ ನೂಕುತ್ತದೆ. ನಡುವೆ ನೀರು ಮೇಲೇರಿ ಅಂಚಿನಲ್ಲಿ ಮತ್ತೆ ಇಳಿಯುತ್ತದೆ, ಹರಳು ಏರಲಾರದೆ ಅಲ್ಲೇ ಕೂರುತ್ತದೆ. ಒಂದೇ ಕಡೆಗೆ ಸುತ್ತಿಸುವುದು ಕದಡುವ ಕ್ರಮವೇ ಅಲ್ಲ. ಕೋಲನ್ನು ಮೇಲೆ ಕೆಳಗೆ ಆಡಿಸಿ, ನಡುನಡುವೆ ದಿಕ್ಕು ಬದಲಾಯಿಸಿ, ಇಲ್ಲವೇ ಡ್ರಮ್ಮಿನ ಗೋಡೆಗೆ ತಾಗಿಸಿ ಒಂದು ಮರದ ಪಟ್ಟಿಯನ್ನು ನಿಲ್ಲಿಸಿ ಆಮೇಲೆ ಸುತ್ತಿಸಿ. ಸುಣ್ಣವನ್ನು ಮೊದಲೇ ಬಟ್ಟೆಯಲ್ಲಿ ಸೋಸಿಕೊಂಡರೆ ಹರಳಿನ ತಕರಾರೂ ಇರುವುದಿಲ್ಲ, ಸ್ಪ್ರೇಯರಿನ ನಾಸಿಲ್ ಕಟ್ಟುವುದೂ ಇಲ್ಲ.